ಆಟ ನಿಲ್ಲದ ಪೆಟ್ಟಿಗೆ

ಕಾಸರಕೋಡಿನ ದೇವರಾಜ ನಾಯ್ಕನ ಮನೆಯಲ್ಲಿ ಅಕ್ಕಿ ಡಬ್ಬಿಗೆ ಕೈ ಹಾಕಿದರೆ ಅಕ್ಕಿಗಿಂತ ಮೊದಲು ಸೀಡಿ ಕೈಗೆ ಹತ್ತುತ್ತಿತ್ತು. ತಮಾಷೆಗೆ ಹೇಳುತ್ತಿಲ್ಲ. ಕಡಲ ಗಾಳಿಗೆ ಬಾಗಿಲ ಚಿಲಕವೇ ತುಕ್ಕು ಹಿಡಿದು ಉದುರಿ ಬೀಳುವ ಊರು ಅದು. ಒಂದು ಮಳೆಗಾಲ ಕಳೆಯುವುದರೊಳಗೆ ಸೀಡಿಗಳ ಬೆನ್ನಿಗೆ ಬೂಷ್ಟು ಹಿಡಿದು ನಡುನಡುವೆ ತೂತು ಬೀಳುತ್ತಿತ್ತು. ಥಂಡಿ ಎಳೆಯುವುದಕ್ಕೆ ಅಕ್ಕಿಯಷ್ಟು ಒಳ್ಳೆಯದು ಬೇರೆ ಇಲ್ಲ ಎಂದು ತಾನೇ ತೀರ್ಮಾನಿಸಿ, ದೇವರಾಜ ತನ್ನ ಯಕ್ಷಗಾನದ ಸೀಡಿಗಳನ್ನೆಲ್ಲ ತೆಳು ಬಟ್ಟೆಯಲ್ಲಿ ಕಟ್ಟಿ ಅಕ್ಕಿಯೊಳಗೆ ಹೂತಿಟ್ಟಿದ್ದ. ಅವನ ಹೆಂಡತಿ ಉಮಾ ದಿನಾ ಬೆಳಿಗ್ಗೆ ಅನ್ನಕ್ಕಿಡುವಾಗ ಗಂಡನಿಗೆ ಸಹಸ್ರನಾಮ ಮಾಡುತ್ತಿದ್ದಳು. ಅದು ಅವಳು ಸರಿ ಇದ್ದ ಕಾಲ. ಈಗ ಅವಳಿಗೆ ಬೈಯುವುದೂ ಮರೆತುಹೋಗಿತ್ತು.

ದೇವರಾಜ ದೊಡ್ಡ ಮನುಷ್ಯನೇನಲ್ಲ. ಶರಾವತಿ ಸೇತುವೆಯ ಆಚೆ ಹೊನ್ನಾವರ ಪೇಟೆಯ ಹಾರ್ಡ್‌ವೇರ್ ಅಂಗಡಿಯೊಂದರಲ್ಲಿ ಮೊಳೆ, ನಲ್ಲಿ, ಬಣ್ಣದ ಡಬ್ಬಿ ಎತ್ತಿಕೊಡುತ್ತಲೇ ತಲೆ ಬೆಳ್ಳಗೆ ಮಾಡಿಕೊಂಡವನು. ಗಿರಾಕಿ ಅರ್ಧ ಇಂಚಿನ ಪೈಪು ಕೇಳಿದರೆ ಪೈಪಿನ ಜೊತೆಗೆ ನಿನ್ನೆ ರಾತ್ರಿಯ ಭಾಗವತರ ಪದ ಹೇಗಿತ್ತು ಎಂಬುದನ್ನೂ ಕೊಟ್ಟು ಕಳಿಸುವ ಜಾತಿ. ಮಕ್ಕಳಿಲ್ಲ. ಗಂಡ ಹೆಂಡತಿ ಇಬ್ಬರಿಗೂ ಆಟದ ಹುಚ್ಚು. ಯಕ್ಷಗಾನಕ್ಕೆ ಆ ಕಡೆ ಆಟ ಎಂದೇ ಹೆಸರು. ವಯಸ್ಸಾಗಿ, ಬೆಳಗಿನವರೆಗೆ ನಡೆಯುವ ಆಟಕ್ಕೆ ನಿದ್ದೆ ಕೆಡಲಾರದೆ ಹೋದಾಗ ದೇವರಾಜ ಸೀಡಿ ಕೊಳ್ಳತೊಡಗಿದ. ಬಸ್ ಸ್ಟ್ಯಾಂಡಿನ ಅಂಗಡಿಯಲ್ಲಿ ಹೊಸದು ಬಂದರೆ ಮೊದಲ ಬೋಣಿ ಅವನದೇ.

ಉಮಾಗೆ ಐವತ್ತು ದಾಟಿತ್ತೋ ಇಲ್ಲವೋ, ಮರೆವು ಶುರುವಾಯಿತು. ಮೊದಲು ಒಲೆಯ ಮೇಲಿನ ಹಾಲು ಮರೆತಳು. ಆಮೇಲೆ ಒಲೆಯನ್ನೇ ಮರೆತಳು. ಆಮೇಲೊಂದು ಸಂಜೆ ಅಂಗಡಿಯಿಂದ ಬಂದ ಗಂಡನನ್ನು ಬಾಗಿಲಲ್ಲೇ ನಿಲ್ಲಿಸಿ, "ಎಂತ ಬೇಕಾಗಿತ್ತು? ನಮ್ಮನೆಯವ್ರು ಇನ್ನೂ ಬರಲಿಲ್ಲ" ಎಂದಳು. ದೇವರಾಜ ಅಂದು ಹಿತ್ತಲಿಗೆ ಹೋಗಿ ಬಾವಿಕಟ್ಟೆಯ ಮೇಲೆ ಕೂತು ಅತ್ತ. ಅಲ್ಲಿಂದ ಮುಂದೆ ಒಂದು ಹೊತ್ತಿಗೆ ಅವಳಿಗೆ ಗುರುತು ಹತ್ತುವುದು, ಮರುಹೊತ್ತಿಗೆ ಇಲ್ಲ, ಹೀಗೇ ನಡೆಯಿತು. ಇದಕ್ಕೆ ಔಷಧಿ ಇಲ್ಲ, ನೋಡಿಕೊಳ್ಳುವುದೊಂದೇ ದಾರಿ ಎಂದು ಡಾಕ್ಟರು ಕೈ ಚೆಲ್ಲಿದರು. ನೋಡಿಕೊಳ್ಳುವವರು ಯಾರು ಎಂದು ಡಾಕ್ಟರೂ ಹೇಳಲಿಲ್ಲ, ದೇವರೂ ಹೇಳಲಿಲ್ಲ.

ಅವಳಿಗೆ ಅಂಟಿಕೊಂಡದ್ದು ನಡೆಯುವ ಚಾಳಿ. ಬಾಗಿಲು ತೆರೆದಿದ್ದರೆ ಸಾಕು, ಹೊರಟುಬಿಡುವಳು. ಒಮ್ಮೆ ಹೈವೇಗೆ ಇಳಿದಾಗ ಅದಿರಿನ ಲಾರಿಯೊಂದು ಬ್ರೇಕು ಹಾಕಿ ಅಡ್ಡ ತಿರುಗಿ ನಿಂತಿತು. ಇನ್ನೊಮ್ಮೆ ಅಪ್ಸರಕೊಂಡದ ಗುಡ್ಡದಲ್ಲಿ ಸಿಕ್ಕಳು. ಫಾಲ್ಸ್ ನೋಡಲು ಬಂದವರು ಯಾರದೋ ಮನೆಯ ಹೆಂಗಸು ಎಂದುಕೊಂಡು ಬಿಸ್ಕಿಟ್ ಕೊಟ್ಟು ಕೂರಿಸಿದ್ದರು. ಒಂದೇ ಒಂದು ದಿನ ದೇವರಾಜ ಹೊರಗಿನಿಂದ ಬೀಗ ಹಾಕಿಕೊಂಡು ಹೋದ. ಮಧ್ಯಾಹ್ನ ಬಂದು ನೋಡಿದರೆ ಬಾಗಿಲು ಬಡಿದು ಬಡಿದು ಅವಳ ಎರಡೂ ಕೈ ಊದಿದ್ದವು, ಉಗುರಲ್ಲಿ ರಕ್ತ. ಆ ಕೈಗಳಿಗೆ ಕೊಬ್ಬರಿ ಎಣ್ಣೆ ಹಚ್ಚುತ್ತ, ಸತ್ತರೂ ಇನ್ನು ಬೀಗ ಹಾಕುವುದಿಲ್ಲ ಎಂದು ಆಣೆ ಮಾಡಿದ.

ಕೊನೆಗೆ ಕಾಪಾಡಿದ್ದು ಅಕ್ಕಿ ಡಬ್ಬಿಯ ಸೀಡಿ. ಒಂದು ದಿನ ಸುಮ್ಮನೆ ಹಾಕಿದ್ದ. ಚಂಡೆ ಕೇಳಿದ್ದೇ ತಡ, ಉಮಾ ಮೂಲೆಯ ಚಾಪೆ ಬಿಡಿಸಿ ಟೀವಿ ಎದುರು ಕೂತಳು. ಗಂಡನ ಹೆಸರು ಮರೆತವಳು ವೇಷಧಾರಿ ಬಾಯಿ ತೆರೆಯುವುದರೊಳಗೆ ಅವನ ಮಾತನ್ನು ತಾನೇ ಹೇಳುತ್ತಿದ್ದಳು. ಆಟ ನಡೆಯುವಷ್ಟು ಹೊತ್ತೂ ಜಪ್ಪಯ್ಯ ಎಂದರೂ ಏಳುತ್ತಿರಲಿಲ್ಲ. ಆದರೆ ಸೀಡಿ ಒಂದು ಗಂಟೆ ಓಡಿದರೆ ಹೆಚ್ಚು. ಪರದೆ ನೀಲಿಯಾಗಿ ಸದ್ದು ನಿಂತಿತೋ, ಅವಳು ಗಾಬರಿಯಿಂದ ಸುತ್ತ ನೋಡಿ ಎದ್ದು ಹೊರಟುಬಿಡುವಳು. ಪಕ್ಕದ ಮನೆಯ ಮಂಜಿಗೆ ಅದೇ ಕೆಲಸವಾಯಿತು. ಅಂಗಳದಲ್ಲಿ ಬಟ್ಟೆ ಒಗೆಯುತ್ತಿದ್ದರೂ ಅವಳ ಕಿವಿ ಇತ್ತಲೇ. ಚಂಡೆ ನಿಂತ ಕೂಡಲೇ ಓಡಿ ಬಂದು ಮುಂದಿನ ಸೀಡಿ ತುರುಕುವಳು. ಮಧ್ಯಾಹ್ನ ಊಟಕ್ಕೆ ಬಂದ ದೇವರಾಜ ಆಟವನ್ನು ಅರ್ಧಕ್ಕೇ ನಿಲ್ಲಿಸಿ, ಹೆಂಡತಿಗೆ ಉಣಿಸಿ, ಬೇರೆ ಪ್ರಸಂಗ ಹಚ್ಚಿ ಹೋಗುವನು. ಹೀಗೆ ಒಂದು ವರ್ಷ ಸಾಗಿತು.

ಅದನ್ನೂ ದೇವರು ಸೈರಿಸಲಿಲ್ಲ. ಒಂದು ಬೆಳಿಗ್ಗೆ ಮಂಜಿ ಬೇಲಿಯ ಹತ್ತಿರ ಬಂದು ನೆಲ ನೋಡುತ್ತ ನಿಂತಳು.

"ಅಣ್ಣಾ, ಗೇರುಬೀಜದ ಫ್ಯಾಕ್ಟರಿಲಿ ಕೆಲ್ಸ ಸಿಕ್ಕದೆ. ಸೋಮವಾರದಿಂದ ಬಾ ಹೇಳಿದ್ರು. ಎಂತ ಮಾಡುದು, ಮನೆ ನಡೀಬೇಕಲಾ."

"ಹೋಗು ಮಾರಾಯ್ತಿ. ನೀನು ಇಷ್ಟು ದಿನ ಮಾಡಿದ್ದೇ ದೊಡ್ಡದು" ಎಂದ ದೇವರಾಜ. ಬಾಯಲ್ಲಿ ಹಾಗೆಂದನೇ ಹೊರತು ಕಾಲಡಿಯ ನೆಲ ಕುಸಿದಿತ್ತು. ಯಾಕೆಂದರೆ ಉಮಾಳ ಅಣ್ಣ ರಮಾನಂದ ಹಿಂದಿನ ವಾರವಷ್ಟೇ ಭಟ್ಕಳದ ತೆಂಗಿನಗುಂಡಿಯಿಂದ ಬಂದು ಮಾತು ಮುಗಿಸಿ ಹೋಗಿದ್ದ. ಘಟ್ಟದ ಮೇಲೆ ಇಂಥವರನ್ನು ಇಟ್ಟುಕೊಳ್ಳುವ ಆಶ್ರಮವೊಂದಿದೆ, ತಾನು ಕೇಳಿಕೊಂಡು ಬಂದಿದ್ದೇನೆ ಎಂದಿದ್ದ.

"ಭಾವ, ನೀವು ಬಿಡುದಿಲ್ಲ ಹೇಳ್ತ್ರಿ, ಆತು. ಆದ್ರೆ ಇನ್ನೊಂದು ಸಲ ಅವ್ಳು ರಸ್ತೆಗೆ ಬಂದ್ಲು ಹೇಳಿ ಗೊತ್ತಾದ್ರೆ ನಾನೇ ಬಂದು ಕರ್ಕಂಡು ಹೋಗ್ತೆ. ಲಾರಿ ಅಡಿಗೆ ಸಿಕ್ಕ ತಂಗಿನ ನೋಡುಕೆ ನನ್ನ ಹತ್ರ ಆಗುದಿಲ್ಲ."

ರಮಾನಂದ ಕೆಟ್ಟವನಲ್ಲ. ಅದೇ ಕಷ್ಟ. ಕೆಟ್ಟವನಾಗಿದ್ದರೆ ಜಗಳವಾಡಿ ಕಳಿಸಬಹುದಿತ್ತು.

ಹಾಗಾಗಿ ಈಗ ದೇವರಾಜನಿಗೆ ಬೇಕಾದದ್ದು ಒಂದೇ: ನಿಲ್ಲದ ಆಟ. ಯಾರೂ ಎದ್ದು ಬಂದು ಬದಲಿಸಬೇಕಾಗಿಲ್ಲದ, ಚಂಡೆಯ ಸದ್ದು ಕಡಿಯದ ಆಟ. ಅದು ಸಿಕ್ಕಿದರೆ ಉಮಾ ಮನೆಯಲ್ಲಿ, ಇಲ್ಲದಿದ್ದರೆ ಆಶ್ರಮದಲ್ಲಿ.

ಹೊನ್ನಾವರದ ಟೀವಿ ಅಂಗಡಿಯವನು ಐದು ಸೀಡಿ ಒಟ್ಟಿಗೆ ಹಿಡಿಯುವ ಪ್ಲೇಯರ್ ತೋರಿಸಿ, ಎರಡು ದಿನ ಮನೆಗೊಯ್ದು ನೋಡಿ ಎಂದ. ದೇವರಾಜ ದೊಡ್ಡ ಆಸೆಯಿಂದ ತಂದು ಜೋಡಿಸಿದ. ಒಂದು ಸೀಡಿ ಮುಗಿದು ಇನ್ನೊಂದು ತಿರುಗಿ ಬರುವುದಕ್ಕೆ ಆ ಯಂತ್ರ ಗರಗರ ಎಂದು ಅಷ್ಟು ಹೊತ್ತು ತೆಗೆದುಕೊಂಡಿತು. ಎರಡನೆಯ ಸೀಡಿಯ ಚಂಡೆ ಶುರುವಾಗುವಾಗ ಉಮಾ ಅಂಗಳ ದಾಟಿಯಾಗಿತ್ತು. ಮರುದಿನ ಹಿಂದೆ ಕೊಟ್ಟು ಬಂದ. ಕಂಪ್ಯೂಟರ್ ತಗೊಳ್ಳಿ ಎಂದರು ಕೆಲವರು. ಕರೆಂಟ್ ಹೋಗಿ ಬಂದರೆ ಅದನ್ನು ಮತ್ತೆ ಎಬ್ಬಿಸುವವರು ಯಾರು? ಪೆನ್‌ಡ್ರೈವ್ ಚುಚ್ಚುವ ಪ್ಲೇಯರ್ ಬಂದಿದೆಯಲ್ಲ ಎಂದರು ಇನ್ನು ಕೆಲವರು. ಆಗಿನ ಪೆನ್‌ಡ್ರೈವಿನಲ್ಲಿ ಒಂದು ಆಟದ ಅರ್ಧವೂ ಹಿಡಿಯುತ್ತಿರಲಿಲ್ಲ. ಸಲಹೆ ಕೊಡುವುದಕ್ಕೆ ನಮ್ಮ ಜನರಿಗೆ ಯಾವತ್ತೂ ಬಡತನವಿಲ್ಲ.

ಆ ಭಾನುವಾರ ಉಮಾಳನ್ನು ತೆಂಗಿನಗುಂಡಿಯಲ್ಲಿ ರಮಾನಂದನ ಹೆಂಡತಿಯ ಹತ್ತಿರ ಕೂರಿಸಿ, ದೇವರಾಜ ಭಟ್ಕಳ ಪೇಟೆಗೆ ಹೋದ. ದುಬೈಯಿಂದ ಬಂದ ಸಾಮಾನು ಮಾರುವ ಅಂಗಡಿಗಳನ್ನು ಒಂದೊಂದಾಗಿ ಹತ್ತಿ ಇಳಿದ. ಸೆಂಟು, ಕಂಬಳಿ, ಟಾರ್ಚು, ವಾಚು. ಕೊನೆಗೆ ಒಬ್ಬ ಸಾಹೇಬರು ಊಟದ ಡಬ್ಬಿಯಷ್ಟು ದೊಡ್ಡ ಕಪ್ಪು ಪೆಟ್ಟಿಗೆಯೊಂದನ್ನು ಎದುರಿಗಿಟ್ಟರು.

"ಸೀಡಿ ಹಾಕುದು ಎಲ್ಲಿ ಸಾಹೇಬ್ರೆ?"

"ಸೀಡಿ ಬೇಡ ನಾಯ್ಕರೇ. ಒಳಗೆ ಹಾರ್ಡ್‌ಡಿಸ್ಕ್ ಉಂಟು. ನಿಮ್ಮ ಮನೆಯ ಸೀಡಿ ಎಲ್ಲಾ ಇದ್ರಲ್ಲಿ ತುಂಬ್ಸಿ. ಇದರ ವಯರ್ ಟೀವಿಗೆ. ಖಲಾಸ್."

"ಒಂದು ಮುಗಿದ ಮೇಲೆ?"

"ಇನ್ನೊಂದು. ಅದು ಮುಗಿದ್ರೆ ಮತ್ತೊಂದು. ನಡುವೆ ಕಣ್ಣು ಮುಚ್ಚಿ ತೆಗೆಯುವಷ್ಟು ಹೊತ್ತೂ ಇಲ್ಲ."

"ಬಂದ್ ಮಾಡಿ ಮತ್ತೆ ಶುರು ಮಾಡಿದ್ರೆ?"

"ನಿಂತಲ್ಲಿಂದ್ಲೇ ಹೋಗ್ತದೆ. ಅದಕ್ಕೆ ನೆನಪು ಉಂಟು."

ಯಂತ್ರಕ್ಕೂ ನೆನಪಿದೆ ಎಂದು ಕೇಳಿ ದೇವರಾಜನಿಗೆ ಅಲ್ಲೇ ಕಣ್ಣು ತುಂಬಿತು. ಸಾಹೇಬರು ಚಹಾ ತರಿಸಿದರು. ತನ್ನ ಹಳೆಯ ಸ್ಕೂಟರ್ ಮಾರಿ ಪೆಟ್ಟಿಗೆ ತಂದ, ಕರೆಂಟ್ ಹೋದರೂ ಆಟ ನಿಲ್ಲದಂತೆ ಇನ್‌ವರ್ಟರೂ ಹಾಕಿಸಿದ. ಇನ್ನು ಅಂಗಡಿಗೆ ಟೆಂಪೋದಲ್ಲಿ ಹೋದರಾಯಿತು.

ಸೀಡಿಗಳನ್ನು ಪೆಟ್ಟಿಗೆಗೆ ತುಂಬಿಸಿದ್ದು ಕುಮಟೆಯ ಗುರುದತ್ತ. ಮದುವೆಯ ವೀಡಿಯೋ ಕತ್ತರಿಸಿ ಜೋಡಿಸುವ ಕಂಪ್ಯೂಟರ್ ಅಂಗಡಿ ಅವನದು. ದೇವರಾಜ ಅಕ್ಕಿ ಹಿಟ್ಟು ಹತ್ತಿದ ಸೀಡಿಗಳನ್ನು ಪಂಚೆಯ ತುದಿಯಲ್ಲಿ ಒರೆಸಿ ಒರೆಸಿ ಕೊಟ್ಟ. ಎಷ್ಟೋ ಸೀಡಿ ಓದಲೇ ಇಲ್ಲ. ಪ್ರತಿಯೊಂದು ಕೈಕೊಟ್ಟಾಗಲೂ, ಉಮಾ ಕೂರುವ ಇನ್ನೊಂದು ಗಂಟೆ ಹೋಯಿತು ಎಂದು ಅವನು ಲೆಕ್ಕ ಹಾಕುತ್ತಿದ್ದ. ಉಳಿದವನ್ನು ಗುರುದತ್ತ ಒಂದಕ್ಕೊಂದು ಬೆಸೆದು, ಒಂದೊಂದು ರಾತ್ರಿಯ ಆಟವನ್ನು ಒಂದೇ ಉದ್ದಕ್ಕೆ ಮಾಡಿಕೊಟ್ಟ.

"ನಾಯ್ಕರೆ, ಕೊನೆಗೆ ಮಂಗಳ ಪದ ಬರ್ತದಲಾ, ಅದು ಎಲ್ಲಾ ಆಟದಲ್ಲೂ ಒಂದೇ ನಮೂನೆ. ರಂಗಸ್ಥಳದಲ್ಲಿ ಹೆಚ್ಚು ಎಂತದೂ ಇಲ್ಲ. ಕಟ್ ಮಾಡ್ಲಾ? ಒಂದು ಆಟದಿಂದ ಇನ್ನೊಂದಕ್ಕೆ ಸೀದಾ ಹೋಗ್ತದೆ."

ದೇವರಾಜ ಹೌಹಾರಿದ. "ಬೇಡ ಬೇಡ! ಮಂಗಳ ಹಾಡದೆ ಆಟ ಮುಗ್ಸುದು ಉಂಟಾ? ಮನೇಲಿ ಹುಷಾರಿಲ್ದೆ ಇದ್ದವ್ಳು ಇದ್ದಾಳೆ ಮಾರಾಯ. ಅಪಶಕುನ. ಅದು ಇರ್ಲಿ."

ನಮ್ಮ ಕರಾವಳಿಯ ಯಾವ ಮನುಷ್ಯನನ್ನು ಕೇಳಿದ್ದರೂ ಇದೇ ಉತ್ತರ ಬರುತ್ತಿತ್ತು. ಗುರುದತ್ತನೂ ತಲೆಯಾಡಿಸಿ, ಹೌದು ಅದೂ ಸರಿಯೇ ಎಂದು ಇದ್ದ ಹಾಗೇ ಬಿಟ್ಟ.

ಮೊದಲ ದಿನಗಳಲ್ಲಿ ದೇವರಾಜನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಬೆಳಿಗ್ಗೆ ಎಲ್ಲಕ್ಕಿಂತ ಉದ್ದದ ಆಟ ಆರಿಸಿ ಹಚ್ಚಿ, ಬಾಗಿಲು ಸುಮ್ಮನೆ ಎಳೆದುಕೊಂಡು ಹೋಗುವನು. ಮಧ್ಯಾಹ್ನ ಬಂದರೆ ಉಮಾ ಚಾಪೆಯ ಮೇಲೆ ಕೂತಲ್ಲೇ ಕೂತಿರುವಳು. ಒಂದು ದಿನ ಅವನನ್ನು ನೋಡಿ, "ಕೂತ್ಕಣಿ, ಒಡ್ಡೋಲಗ ಈಗಷ್ಟೇ ಆತು" ಎಂದು ಪಕ್ಕದಲ್ಲಿ ಜಾಗ ಕೊಟ್ಟಳು. ಆ ಸಂತೋಷಕ್ಕೆ ಅವನು ಅಂಗಡಿಯ ಹುಡುಗರಿಗೆಲ್ಲ ಬೋಂಡ ಕೊಡಿಸಿದ. ರಮಾನಂದನಿಗೆ ಫೋನ್ ಮಾಡಿ, "ಇನ್ನು ಆಶ್ರಮದ ಮಾತು ಎತ್ತಬೇಡ, ನಿನ್ನ ತಂಗಿ ಎಲ್ಲಿಗೂ ಹೋಗುದಿಲ್ಲ" ಎಂದು ಎದೆ ತಟ್ಟಿಕೊಂಡು ಹೇಳಿದ.

ಅಂದು ಬೆಳಿಗ್ಗೆ ಅಂಗಡಿಗೆ ಲೋಡು ಬರುವುದಿತ್ತು, ಬೇಗ ಹೋಗಬೇಕಿತ್ತು. ಉಮಾ ಗಂಜಿ ಉಣ್ಣಲು ಹಟ ಮಾಡಿ ಹೊತ್ತಾಯಿತು. ಹೊರಗೆ ಟೆಂಪೋ ಹಾರನ್ ಹೊಡೆಯುತ್ತಿತ್ತು. ಆಟ ಆರಿಸುತ್ತ ಕೂರಲು ಸಮಯವಿಲ್ಲದೆ ದೇವರಾಜ ಪೆಟ್ಟಿಗೆಯ ಸ್ವಿಚ್ ಮಾತ್ರ ಒತ್ತಿದ. ಹಿಂದಿನ ಸಂಜೆ ಎಲ್ಲಿ ನಿಂತಿತ್ತೋ ಅಲ್ಲಿಂದಲೇ ಆಟ ಶುರುವಾಯಿತು, ಚಂಡೆ ಕೇಳಿಸಿತು, ಉಮಾ ಚಾಪೆಗೆ ಹೋಗಿ ಕೂತಳು. ಅಷ್ಟು ನೋಡಿ ಅವನು ಓಡಿದ. ಹಿಂದಿನ ಸಂಜೆ ಆಟ ಮುಗಿಯುವ ಹಂತಕ್ಕೆ, ಬೆಳಗಿನ ಜಾವದ ಹತ್ತಿರ ಬಂದು ನಿಂತಿತ್ತು ಎಂಬುದು ಅವನ ತಲೆಗೆ ಹೊಳೆಯಲೇ ಇಲ್ಲ.

ಲೋಡು ಇಳಿಸುತ್ತಿರುವಾಗಲೇ ಫೋನ್ ಬಂತು. ಮೀನು ತರುವ ಹೊನ್ನಿ. ಪಕ್ಕದ ಗೂಡಂಗಡಿಯಿಂದ ಮಾಡಿದ್ದಳು.

"ಅಣ್ಣಾ, ನಿಮ್ಮನೆ ಬಾಗ್ಲು ತೆರ್ದೇ ಅದೆ. ಟೀವಿ ಒಂದೇ ಕೂಗ್ತಾ ಅದೆ. ಉಮಕ್ಕ ಇಲ್ಲ."

ಕೈಯಲ್ಲಿದ್ದ ಬಣ್ಣದ ಡಬ್ಬಿ ಎಲ್ಲಿ ಇಟ್ಟನೋ ಅವನಿಗೇ ಗೊತ್ತಿಲ್ಲ. ಟೆಂಪೋ ಸೇತುವೆ ದಾಟುವಾಗ ಕಣ್ಣು ಮುಚ್ಚಿ ಕೂತಿದ್ದ. ಕೆಳಗೆ ನೀರು ನೋಡುವ ಧೈರ್ಯವಿರಲಿಲ್ಲ. ಮನೆಗೆ ಬಂದರೆ ಟೀವಿಯಲ್ಲಿ ಬೇರೊಂದು ಆಟದ ಪೀಠಿಕೆ ನಡೆಯುತ್ತಿತ್ತು, ಬಾಲಗೋಪಾಲರು ಕುಣಿಯುತ್ತಿದ್ದರು. ಸಾಹೇಬರು ಹೇಳಿದಂತೆಯೇ ಆಗಿತ್ತು. ಒಂದು ಮುಗಿದು ಇನ್ನೊಂದು ಬಂದಿತ್ತು, ನಡುವೆ ಸದ್ದು ಕಡಿದಿರಲಿಲ್ಲ. ಮತ್ತೆ ಇವಳು ಎದ್ದದ್ದು ಯಾಕೆ?

ಆಗ ನೋಡಿದ. ಉಮಾ ಕೂರುವ ಜಾಗದಲ್ಲಿ ಚಾಪೆ ಇರಲಿಲ್ಲ.

ದೇವರಾಜನಿಗೆ ಅರ್ಥವಾಯಿತು. ಆಟಕ್ಕೆ ಹೋದ ಜನ ನಿದ್ದೆ ಬಂದರೂ ಏಳುವುದಿಲ್ಲ, ಚಳಿಯಾದರೂ ಏಳುವುದಿಲ್ಲ. ಭಾಗವತರು ಮಂಗಳ ಹಾಡಿದ ಕೂಡಲೇ ಏಳುತ್ತಾರೆ. ಚಾಪೆ ಕೊಡವಿ, ಮಡಚಿ, ಕಂಕುಳಿಗೆ ಸೇರಿಸಿ ಮನೆಗೆ ಹೊರಡುತ್ತಾರೆ. ಹುಟ್ಟಿದಂದಿನಿಂದ ಉಮಾ ಮಾಡಿಕೊಂಡು ಬಂದದ್ದೂ ಅದನ್ನೇ. ಸೀಡಿಯ ಕಾಲದಲ್ಲಿ ಮಂಗಳದವರೆಗೆ ಆಟ ಹೋದದ್ದೇ ಇಲ್ಲ, ಅಷ್ಟರೊಳಗೆ ಅವನೇ ಬಂದು ನಿಲ್ಲಿಸುತ್ತಿದ್ದ. ಪೆಟ್ಟಿಗೆ ಬಂದ ಮೇಲೂ ದಿನಾ ಬೆಳಿಗ್ಗೆ ಹೊಸ ಆಟವನ್ನೇ ಹಚ್ಚುತ್ತಿದ್ದ. ಇಂದು ಮಂಗಳ ಹಾಡಿದರು, ಅವಳು ಎದ್ದಳು. ಕತ್ತರಿಸಲಾ ಎಂದು ಗುರುದತ್ತ ಕೇಳಿದ್ದ. ಬೇಡ ಎಂದವನು ತಾನೇ. "ಅಯ್ಯೋ, ನಾನೇ ಕಳಿಸಿದೆನಲ್ಲ" ಎಂದು ದೇವರಾಜ ಹಣೆ ಹಣೆ ಚಚ್ಚಿಕೊಂಡ.

ಆಮೇಲೆ ಓಡಿದ ಓಟಕ್ಕೆ ದಿಕ್ಕಿರಲಿಲ್ಲ. ಮೊದಲು ಅಪ್ಸರಕೊಂಡದ ದಾರಿ ಹಿಡಿದ. ಅಲ್ಲಿ ಯಾರೂ ಕಂಡಿರಲಿಲ್ಲ. ಕಡಲ ದಂಡೆಗೆ ಇಳಿದ. ದೋಣಿಯ ಮರೆಯಲ್ಲಿ ಬಲೆ ಸರಿಮಾಡುತ್ತಿದ್ದವರು ಇಲ್ಲ ಎಂದರು. ಹೈವೇಗೆ ಬಂದು ಹೋಗುವ ಬರುವ ಪ್ರತಿಯೊಂದು ಲಾರಿಯ ಗಾಲಿ ನೋಡುತ್ತ ಓಡಿದ. ಒಂದು ಚಪ್ಪಲಿ ಎಲ್ಲೋ ಕಳಚಿಹೋಗಿತ್ತು. "ಚಾಪೆ ಹಿಡ್ಕಂಡ ಹೆಂಗ್ಸು ಕಂಡ್ರಾ?" ಎಂದು ಕಂಡಕಂಡವರನ್ನೆಲ್ಲ ಕೇಳಿದ. ಕೊನೆಗೆ ಪಂಕ್ಚರ್ ಅಂಗಡಿಯ ಈರ ಕೈ ತೋರಿಸಿದ. "ಹೊಳೆ ಬದಿಗೆ ಹೋದ್ರು ಅಣ್ಣಾ. ಕರ್ದ್ರೂ ನಿಲ್ಲಲಿಲ್ಲ. ರಸ್ತೆಗೆ ಬಂದ್ರೆ ಹೇಳು ಹೇಳಿ ಅವ್ರ ಅಣ್ಣ ನಂಬರ್ ಕೊಟ್ಟಿದ್ರು, ತೆಂಗಿನಗುಂಡಿಗೆ ಫೋನ್ ಮಾಡಿದೆ. ಬೈಕಿಗೆ ಹೊರಟ್ರು ಹೇಳಿ ಹೇಳಿದ್ರು."

ಈರ ಒಳ್ಳೆಯದೆಂದೇ ಮಾಡಿದ್ದ. ದೇವರಾಜ ಅವನ ಮುಖವನ್ನೊಮ್ಮೆ ನೋಡಿ ಹೊಳೆಯ ಕಡೆ ಓಡಿದ.

ಸೇತುವೆಯ ಬುಡದಲ್ಲಿ ಲಾರಿಗಳು ನಿಲ್ಲುವ ಬಯಲೊಂದಿದೆ. ಮೊದಲೆಲ್ಲ ಟೆಂಟ್ ಮೇಳಗಳು ಆಟ ಆಡುತ್ತಿದ್ದದ್ದು ಅಲ್ಲೇ. ಸುಡುವ ಬಿಸಿಲಲ್ಲಿ, ಎರಡು ಲಾರಿಗಳ ನಡುವೆ, ಉಮಾ ಚಾಪೆ ಹಾಸಿ ಕೂತಿದ್ದಳು. ಸೆರಗು ಸರಿಯಾಗಿ ಹೊದ್ದು, ಕಾಲು ಮಡಚಿ, ಮುಖ ಬಾಡಿದ್ದರೂ ನೆಮ್ಮದಿಯಾಗಿದ್ದಳು. ದೇವರಾಜನಿಗೆ ಹೋದ ಜೀವ ಬಂತು. ಏದುಸಿರು ಬಿಡುತ್ತ ಹೋಗಿ ಅವಳ ಕೈ ಹಿಡಿದ.

"ಏಳೇ ಉಮಾ, ಮನೆಗೆ ಹೋಪ. ನಿನ್ನ ಅಣ್ಣ ಬರ್ತಾ ಇದ್ದ. ಅವ್ನು ಬರೂದ್ರೊಳಗೆ ಮನೆ ಸೇರ್ಬೇಕು, ಏಳು."

ಅವಳು ಮೆಲ್ಲಗೆ ಕೈ ಬಿಡಿಸಿಕೊಂಡಳು. ಸಿಟ್ಟಿರಲಿಲ್ಲ. ಮರ್ಯಾದಸ್ಥ ಹೆಂಗಸು ಪರ ಗಂಡಸಿನಿಂದ ಬಿಡಿಸಿಕೊಳ್ಳುವ ಹಾಗೆ ಬಿಡಿಸಿಕೊಂಡಳು.

"ನೀವು ಯಾರೋ ಗೊತ್ತಾಗ್ಲಿಲ್ಲ. ಆಟ ಬಿಟ್ಟ ಮೇಲೆ ಇಲ್ಲೇ ಕೂತಿರು, ಚಾ ಕುಡ್ದು ಬರ್ತೆ ಹೇಳಿ ನಮ್ಮನೆಯವ್ರು ಹೋದ್ರು. ಅವ್ರು ಬಂದ್ರೇ ನಾ ಏಳುದು."

"ನಾನೇ ಉಮಾ! ನಾನೇ ದೇವರಾಜ!"

"ಅವ್ರು ನಿಮ್ಮಷ್ಟು ಪ್ರಾಯದವ್ರಲ್ಲ" ಎಂದಳು ಉಮಾ. ಹೇಳಿದ್ದು ಬೇಸರವಾಯಿತೇನೋ ಎಂದು ಅವನ ಮುಖ ನೋಡಿ ನಕ್ಕಳು.

ದೇವರಾಜನಿಗೆ ಬೇರೆ ಉಪಾಯ ತೋಚಲಿಲ್ಲ. ಬಯಲಿನಾಚೆಯ ಚಹಾದಂಗಡಿಗೆ ಹೋದ. ಅರ್ಧ ಲೋಟ ಚಹಾ ಕುಡಿದ, ಮುಖ ತೊಳೆದ, ಬಿಳಿ ಕೂದಲಿನ ಮೇಲೆ ಟವೆಲ್ ಸುತ್ತಿಕೊಂಡ. ಹರೆಯದಲ್ಲಿ ಹೇಗೆ ಬೀಸು ಕೈ ಹಾಕಿ ಬರುತ್ತಿದ್ದನೋ ಹಾಗೆ ಬಯಲು ದಾಟಿ ಬಂದ. ಲಾರಿಯ ಕ್ಲೀನರುಗಳು ನೋಡುತ್ತಿದ್ದರು. ಅವನಿಗೆ ನಾಚಿಕೆಯಾಗಲಿಲ್ಲ. ದೇವರೇ, ಇದೊಂದು ಸಲ ಗುರುತು ಹತ್ತಲಿ ಎಂದು ಒಳಗೇ ಕೂಗಿಕೊಳ್ಳುತ್ತ ಅವಳ ಎದುರು ನಿಂತ.

ಉಮಾ ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದಳು.

"ಚಾದಂಗಡಿಯಿಂದ ಬಂದ್ರಾ? ಅಲ್ಲಿ ನಮ್ಮನೆಯವ್ರು ಕಂಡ್ರಾ?"

ಹೈವೇಯ ಕಡೆಯಿಂದ ರಮಾನಂದನ ಬೈಕು ಬಯಲಿಗೆ ತಿರುಗುವುದು ಕಾಣಿಸಿತು. ದೇವರಾಜ ತಲೆಯ ಟವೆಲ್ ಬಿಚ್ಚಿದ.

"ಕಂಡ್ರು" ಎಂದ. "ಬರ್ತಾ ಇದ್ರು."

"ಹಾಂಗಾದ್ರೆ ಆತು. ನೀವು ಹೋಗಿ. ಬಿಸಿಲಾಯ್ತು, ನಿಮ್ಮನೇಲೂ ಕಾಯ್ತಾ ಇರ್ತ್ರು."

ದೇವರಾಜ ಹೋಗಲಿಲ್ಲ. ಚಾಪೆಯಿಂದ ತುಸು ದೂರ, ಬರಿ ನೆಲದ ಮೇಲೆ, ಅವಳಿಗೆ ಸಂಕೋಚವಾಗದ ಹಾಗೆ ಮುಖ ತಿರುಗಿಸಿ ಕೂತ.